ಜೋತುಬಿದ್ದ ತೋಳಿಗೆ ಗಡುವಿದೆ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ಕತ್ತಿನ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಟು, ಕಾಲರ್ ಬೋನಿನ ಹಿಂದೆ ಹೆಣೆದುಕೊಂಡು ತೋಳಿಗಿಳಿಯುವ ನರಗಳ ಜಾಲಕ್ಕೆ ವೈದ್ಯಶಾಸ್ತ್ರದಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಬೈಕಿನಿಂದ ಬಿದ್ದವರ ತಲೆ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ಸೆಳೆದಾಗ ಈ ಜಾಲ ಹಿಗ್ಗುತ್ತದೆ, ಹರಿಯುತ್ತದೆ, ಕೆಲವೊಮ್ಮೆ ಬೆನ್ನುಹುರಿಯಿಂದಲೇ ಕಿತ್ತುಬರುತ್ತದೆ; ತಲೆ ಉಳಿಸುವ ಹೆಲ್ಮೆಟ್ ಇದನ್ನು ಕಾಯಲಾರದು. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ನರ ಕಾಣುವುದಿಲ್ಲ. ಹೀಗಾಗಿ ಮೂಳೆ ಕೂಡಿತೆಂದು ಮನೆಗೆ ಹೋದ ರೋಗಿ, ತೋಳು ತಾನಾಗಿ ಎದ್ದೀತೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ತಿಂಗಳುಗಟ್ಟಲೆ ಕಾಯುವುದುಂಟು. ಬರೀ ಹಿಗ್ಗಿದ ನರ ಚೇತರಿಸಿಕೊಂಡೀತು, ಕಿತ್ತುಬಂದ ಬೇರು ತಾನಾಗಿ ಎಂದೂ ಕೂಡದು. ಪೆಟ್ಟಾದ ಕಡೆಯ ಕಣ್ಣಿನ ರೆಪ್ಪೆ ಇಳಿದು ಪಾಪೆ ಕಿರಿದಾಗಿದ್ದರೆ ಕೆಳಗಿನ ಬೇರುಗಳು ಕಿತ್ತಿರುವ ಸಂಭವ ಹೆಚ್ಚು. ಇದನ್ನು ಗುರುತಿಸಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಯಾವ ಯಂತ್ರವೂ ಬೇಕಿಲ್ಲ.

ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕತ್ತಿನಿಂದ ಮೊಣಕೈ ಮಡಿಸುವ ಸ್ನಾಯುವಿಗೆ 25 ಸೆಂಟಿಮೀಟರ್ ಎಂದು ಹಿಡಿದರೂ ಅದು ತಲುಪಲು ಎಂಟು ತಿಂಗಳು ಬೇಕು. ನರದ ಸಂಪರ್ಕ ಕಡಿದ ಸ್ನಾಯುವಾದರೋ 12ರಿಂದ 18 ತಿಂಗಳಲ್ಲಿ ಮರಳಿ ಬಾರದಷ್ಟು ಸೊರಗುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸೆ ಮೂರರಿಂದ ಆರು ತಿಂಗಳೊಳಗೆ ನಡೆಯಬೇಕು. ಮೇಲಿನ ಬೇರುಗಳಷ್ಟೇ ಹೋಗಿದ್ದರೆ, ಫ್ರಾನ್ಸಿನ ಕ್ರಿಸ್ಟೋಫ್ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನದಂತೆ, ಮುಂಗೈಗೆ ಹೋಗುವ ಅಲ್ನಾರ್ ನರದ ಒಂದೆರಡು ಎಳೆಗಳನ್ನು ಸ್ನಾಯುವಿನ ಸಮೀಪದಲ್ಲೇ ಅದರ ನರಕ್ಕೆ ಜೋಡಿಸಿ ದೂರವನ್ನು ಕಡಿಮೆ ಮಾಡಬಹುದು. ಐದೂ ಬೇರುಗಳು ಹೋಗಿದ್ದರೆ ಪಕ್ಕೆಲುಬುಗಳ ನಡುವಿನ ನರಗಳನ್ನು ತಂದು ಕೂಡಿಸುತ್ತಾರೆ. ಅಂಥ ರೋಗಿ ಮೊದಮೊದಲು ದೀರ್ಘ ಉಸಿರೆಳೆದಾಗ ಮಾತ್ರ ಮೊಣಕೈ ಮಡಿಯುತ್ತದೆ, ಮಿದುಳು ಹೊಸ ದಾರಿ ಕಲಿತು ಉಸಿರಿನ ಹಂಗಿಲ್ಲದೆ ಮಡಿಸಲು ತಿಂಗಳುಗಳ ಅಭ್ಯಾಸ ಬೇಕು. ಊರಿನ ಹತ್ತಿರ ಫಿಸಿಯೋಥೆರಪಿ ಸಿಗದಿದ್ದರೆ ಎಷ್ಟು ನಾಜೂಕಾದ ಶಸ್ತ್ರಚಿಕಿತ್ಸೆಯೂ ಅರ್ಧಕ್ಕೇ ನಿಲ್ಲುತ್ತದೆ.

ಅಪಘಾತದ ನಂತರ ತೋಳು ಎತ್ತಲಾಗದ ಪ್ರತಿಯೊಬ್ಬ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ, ನರ ಶಸ್ತ್ರಚಿಕಿತ್ಸೆಯ ತಜ್ಞರನ್ನು ಕಾಣಬೇಕಾದ ಕೊನೆಯ ದಿನಾಂಕವನ್ನು ನಮೂದಿಸುವುದನ್ನು ಇಲಾಖೆ ಕಡ್ಡಾಯಗೊಳಿಸಬೇಕೆಂಬುದೇ ಈ ಪತ್ರದ ಮುಖ್ಯ ಕೋರಿಕೆ.

ಹೆರಿಗೆಯಲ್ಲಿ ಹೆಗಲು ಸಿಕ್ಕಿಕೊಂಡು ಇದೇ ಜಾಲಕ್ಕೆ ಪೆಟ್ಟಾದ ಹಸುಳೆಗಳಲ್ಲಿ ಹೆಚ್ಚಿನವು ತಾವೇ ಗುಣವಾಗುತ್ತವೆ. ಆದರೆ ಮೂರು ತಿಂಗಳಾದರೂ ಮೊಣಕೈ ಮಡಿಸದ ಮಗುವನ್ನು ತಜ್ಞರು ನೋಡಲೇಬೇಕು. ಮಗುವಿನ 14ನೇ ವಾರದ ಲಸಿಕೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವುದರಿಂದ, ಅಂದು ಎರಡೂ ಮೊಣಕೈಗಳ ಚಲನೆಯನ್ನು ನೋಡಿ ತಾಯಿ ಕಾರ್ಡಿನಲ್ಲಿ ಬರೆಯುವಂತೆ ಆರೋಗ್ಯ ಸಹಾಯಕಿಯರಿಗೆ ಸೂಚನೆ ಹೊರಡಿಸುವುದು ಸಚಿವರ ಒಂದು ಸುತ್ತೋಲೆಯಿಂದ ಆಗಬಹುದಾದ ಕೆಲಸ.