ಬಾಣಂತಿಗೆ ಲೆಕ್ಕ ಕೇಳಬೇಡಿ

ಬಾಣಂತಿಗೆ ಎದೆ ಬಾತು ಚಳಿಜ್ವರ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು, ‘ಆ ಬದಿಯ ಹಾಲು ಕೆಟ್ಟಿದೆ, ಕೊಡಬೇಡ’. ಆಮೇಲೆ ಹಾಲು ಕಡಿಮೆಯಾದರೆ, ‘ಇವಳಿಗೆ ಹಾಲೇ ಇಲ್ಲ’. ಮೊದಲ ಮಾತೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ.

ಬಾವು ಇರುವ ಬದಿಯ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ಕುಡಿಸುವುದನ್ನು ಒಮ್ಮೆಲೇ ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಬಾವು ಹೆಚ್ಚುತ್ತದೆ, ಹಾಲೂ ತಗ್ಗುತ್ತದೆ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಬೇಡಿ. ತಣ್ಣನೆ ಬಟ್ಟೆ ಇಡಿ. ಒಂದು ದಿನದಲ್ಲಿ ಜ್ವರ ಬಿಡದಿದ್ದರೆ ಡಾಕ್ಟರಲ್ಲಿಗೆ ಹೋಗಲೇಬೇಕು. ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಡಬಾರದು. ಮಗು ಕೇಳಿದಾಗಲೆಲ್ಲ ಕುಡಿಸುತ್ತಾ ಬಂದರೆ ಹೆಚ್ಚಿನವರಿಗೆ ಹಾಲು ಮರಳುತ್ತದೆ. ಮೊದಲ ವಾರ ಕಳೆದ ಮಗು ದಿನಕ್ಕೆ 6 ಬಾರಿಯಾದರೂ ಮೂತ್ರ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ.

ಆದರೂ ಸಾಲದಿದ್ದರೆ? ಡಾಕ್ಟರು ಹೇಳಿದಂತೆ ಪುಡಿಹಾಲು ಕೊಡುವುದು ಪಾಪವಲ್ಲ. ಎರಡು ವರ್ಷ ಹಾಲೂಡಿಸುವ ವಿಷಯ ಬರುವ ಸೂರಾ ಅಲ್-ಬಖರದ 233ನೇ ಆಯತ್ತಿನಲ್ಲೇ, ತಂದೆ ತಾಯಿ ಮಾತಾಡಿಕೊಂಡು ಬೇಗ ಬಿಡಿಸಲೂ, ಬೇರೊಬ್ಬರಿಂದ ಹಾಲೂಡಿಸಲೂ ಅನುಮತಿಯಿದೆ. ನಮ್ಮ ಪ್ರವಾದಿ(ಸ)ಯವರು ಬೆಳೆದದ್ದೂ ಹಲೀಮಾ ಬೀವಿಯವರ ಹಾಲು ಕುಡಿದೇ ಅಲ್ಲವೇ?

ಅತ್ತೆಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಸೊಸೆಗೆ ಹೊತ್ತಿಗೆ ಗಂಜಿ ಕೊಡಿ, ಮಗುವನ್ನು ಎತ್ತಿಕೊಂಡು ಆಕೆಯನ್ನು ಸ್ವಲ್ಪ ನಿದ್ದೆ ಮಾಡಲು ಬಿಡಿ. ಗಲ್ಫಿನಲ್ಲಿರುವ ಗಂಡ ಫೋನಿನಲ್ಲಿ ‘ಹಾಲು ಬಂತಾ?’ ಎಂದು ಕೇಳುವ ಮೊದಲು ‘ನೀನು ಉಂಡೆಯಾ?’ ಎಂದು ಕೇಳಲಿ.