ಬಸಿದ ನೀರು ಚೆಲ್ಲಬೇಡ ಅಂತ ಯಾರೂ ಹೇಳಿರಲಿಲ್ಲ

ಡಿಪ್ಲೊಮಾ ಮುಗಿಸಿ ಜಿಲ್ಲಾ ಕೇಂದ್ರದಲ್ಲಿ ರೂಮು ಮಾಡಿದ ಹೊಸತು. ಹೋಟೆಲ್ ಊಟ ಸಾಕಾಗಿ ಅವ್ವನಿಗೆ ಫೋನ್ ಮಾಡಿ, ಉಪ್ಸಾರು ಹೆಂಗೆ ಮಾಡೋದು ಅಂದೆ. "ಅದೇನ್ ದೊಡ್ಡ ಅಡುಗೆನಾ? ಬೇಳೆ, ಸೊಪ್ಪು ಬೇಯ್ಸಿ ಬಸ್ಕೊ, ಖಾರ ಅರ್ಕೊ, ಅಷ್ಟೆ" ಅಂದಳು. ಬೇಯಿಸಿದೆ, ಬಸಿದೆ, ಬಸಿದ ನೀರನ್ನು ಬಚ್ಚಲಿಗೆ ಸುರಿದೆ. ಆಮೇಲೆ ಸಾರೆಲ್ಲಿ ಅಂತ ಹುಡುಕಿದರೆ, ಸಾರೇ ಬಚ್ಚಲು ಸೇರಿತ್ತು.

ಅವ್ವನದೇನೂ ತಪ್ಪಿಲ್ಲ. ಆ ನೀರೇ ಸಾರು ಅನ್ನೋದನ್ನು ಹೇಳಬೇಕು ಅಂತ ಅವಳಿಗೆ ಅನ್ನಿಸಿಯೇ ಇಲ್ಲ. ಇಪ್ಪತ್ತು ವರ್ಷ ತಟ್ಟೆ ಮುಂದೆ ಕೂತು ಉಂಡ ನಾನು ಒಂದು ದಿನವೂ ಒಲೆ ಪಕ್ಕ ನಿಂತವನಲ್ಲ.

ಅದಕ್ಕೇ ಈಗ ಗೆಳೆಯರಿಗೆ ಅಡುಗೆ ಹೇಳುವಾಗ ಲೋಟದ ಲೆಕ್ಕದಲ್ಲೇ ಹೇಳುತ್ತೇನೆ. ಮೂರು ಜನಕ್ಕೆ ಅರ್ಧ ಲೋಟ ತೊಗರಿಬೇಳೆ, ಐದು ಲೋಟ ನೀರು. ಕುಕ್ಕರ್ ಬೇಡ, ಬೇಳೆ ಕರಗಿಬಿಡುತ್ತೆ. ಬೇಳೆ ಮುಕ್ಕಾಲು ಬೆಂದ ಮೇಲೆ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ, ದಂಟು, ಕೀರೆ ಯಾವುದಾದರೂ ಸರಿ. ಉಪ್ಪು ಹಾಕಿ. ಬೆಂದ ಮೇಲೆ ಇನ್ನೊಂದು ಪಾತ್ರೆಗೆ ಬಸಿಯಿರಿ. ನೀರು ಚೆಲ್ಲಬೇಡಿ! ಎಂಟು ಒಣಮೆಣಸಿನಕಾಯಿ ಹುರಿದು, ಹತ್ತು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಸ್ವಲ್ಪ ಹುಣಸೆಹಣ್ಣು, ಉಪ್ಪು ಸೇರಿಸಿ ನುಣ್ಣಗೆ ಅರೆಯಿರಿ. ಬಸಿದ ಸೊಪ್ಪು, ಬೇಳೆಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ ಆಯ್ತು. ತಟ್ಟೆಗೆ ಮುದ್ದೆ, ಬಿಸಿ ಕಟ್ಟು, ಬೇಕಾದಷ್ಟು ಖಾರ ಕಲೆಸಿಕೊಳ್ಳಿ. ಮಕ್ಕಳಿಗೆ ಚಿಟಿಕೆ, ದೊಡ್ಡವರಿಗೆ ಚಮಚ. ಒಂದೇ ಅಡುಗೆಯಲ್ಲಿ ಮನೆಯವರೆಲ್ಲರ ನಾಲಿಗೆಗೂ ಆಗುವಂಥದ್ದು ಬೇರೆ ಇದ್ದರೆ ಹೇಳಿ.

ಇಂಥದ್ದನ್ನು ನಾವು ಸ್ಟೇಟಸ್‌ಗೆ ಹಾಕಲ್ಲ. ಫ್ರೈಡ್ ರೈಸ್ ಮಾಡಿದರೆ ಫೋಟೊ, ಉಪ್ಸಾರು ಮಾಡಿದರೆ ಮುಚ್ಚಿಟ್ಟುಕೊಂಡು ಊಟ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ನಿಷೇಧ ಹೇರಿತು. ಆ ಗೋಬಿ ತಿನ್ನೋಕೆ ನಾಚಿಕೆ ಇಲ್ಲ, ಸೊಪ್ಪು ಬಸಿದು ಉಂಡೆ ಅನ್ನೋಕೆ ನಾಚಿಕೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದ್ದಕ್ಕೆ ರಾಗಿಗೆ ಸ್ವಲ್ಪ ಬೆಲೆ ಬಂತು. ಜೊತೆಗಿದ್ದ ಸಾರನ್ನು ಯಾರೂ ಕೇಳಲಿಲ್ಲ.

ನನ್ನ ಅಜ್ಜಿ ಹೊಲದ ಬದುವಿನಿಂದ ಅಣ್ಣೆ, ಹೊನಗೊನೆ, ಇನ್ನೂ ನಾಲ್ಕೈದು ಬಗೆ ಸೊಪ್ಪು ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡ್ತಿದ್ದಳು. ಆ ನಾಲ್ಕೈದರ ಹೆಸರು ಈಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವ್ವನಿಗೆ ಎರಡು ನೆನಪಿದೆ, ನನಗೆ ಒಂದೂ ಇಲ್ಲ. ಈಗ ಬದುವಿಗೂ ಕಳೆನಾಶಕ ಹೊಡೆಯೋದರಿಂದ, ಗೊತ್ತಿದ್ದರೂ ಅಲ್ಲಿಂದ ಕಿತ್ತು ತಿನ್ನೋಕೆ ಧೈರ್ಯ ಸಾಲದು. ಅಜ್ಜಿ ಇದ್ದಾಗ ನನ್ನ ಕೈಲಿ ಫೋನ್ ಇತ್ತು, ರೆಕಾರ್ಡ್ ಬಟನ್ನೂ ಇತ್ತು. ಊರೂರು ಸುತ್ತಿ ಕಂಡವರ ಮಾತೆಲ್ಲ ರೆಕಾರ್ಡ್ ಮಾಡಿದೆ, ಅವಳದ್ದು ಮಾಡಲಿಲ್ಲ.

ಬರೆಯೋಕೆ ಬಾರದವರು ಹೇಳಲಿ, ನೀವು ವಾಯ್ಸ್ ಮೆಸೇಜ್ ಮಾಡಿಕೊಳ್ಳಿ. "ಒಂದು ಹಿಡಿ" ಅಂದರೆ ಯಾರ ಹಿಡಿ ಅಂತ ಕೇಳಿ, ಲೋಟಕ್ಕೆ ಹಾಕಿಸಿ ನೋಡಿ. ಗಂಡಸರೇ ಕೇಳಿದರೆ ಇನ್ನೂ ಒಳ್ಳೇದು, ಯಾಕೆಂದರೆ ಏನೂ ಗೊತ್ತಿಲ್ಲದವನಿಗೇ ಎಲ್ಲವನ್ನೂ ಬಿಡಿಸಿ ಹೇಳೋದು.

ಮೊನ್ನೆ ಬೆಂಗಳೂರಲ್ಲಿ ರೂಮಿನಲ್ಲಿರುವ ಗೆಳೆಯನೊಬ್ಬ, ತೊಗರಿ ಬದಲು ಹುರುಳಿಕಾಳು ಹಾಕಬಹುದಾ ಅಂತ ಕೇಳಿದ. ಅವ್ವನಿಂದಲೇ ಉತ್ತರ ರೆಕಾರ್ಡ್ ಮಾಡಿಸಿ ಕಳಿಸಿದೆ. ಎರಡು ನಿಮಿಷದ ಮೆಸೇಜ್. ಹುರುಳಿಯನ್ನು ರಾತ್ರಿಯೇ ನೆನೆಹಾಕು ಅನ್ನೋದು ಮೊದಲ ಹತ್ತು ಸೆಕೆಂಡ್, ಉಳಿದಿದ್ದೆಲ್ಲ ಅವನ ಮದುವೆ ಯಾವಾಗ ಅನ್ನೋದೇ.