ಅಧಿಕಾರವೆಂಬ ಅಮಾನತ್ತು



2025ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಗಣಪತಿ ವಿಸರ್ಜನೆಯ ಮೆರವಣಿಗೆಯ ಮೇಲೆ ಕಲ್ಲುಗಳು ಬಿದ್ದು, ಪೇಟೆ ಬಾಗಿಲು ಮುಚ್ಚಿ ಕುಳಿತಾಗ, ನಿಮ್ಮಲ್ಲಿ ಹಲವರು ನನಗೆ ದೂರವಾಣಿ ಮಾಡಿದಿರಿ. ಒಬ್ಬನಂತೂ ನೇರವಾಗಿಯೇ ಕೇಳಿದ: "ಸಾ, ಇವರ ಧರ್ಮದಲ್ಲಿ ರಾಜ್ಯಭಾರ ಅಂದರೆ ಏನು ಹೇಳಿದೆ? ನೀವು ಓದಿದೋರು, ಹೇಳಿ."

ಈ ಪ್ರಶ್ನೆ ನನಗೆ ಹೊಸದಲ್ಲ. ಬಹಳ ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾಲ್ಕನೆಯ ಮೈಸೂರು ಯುದ್ಧದ ಪಾಠ ಮಾಡುತ್ತಿದ್ದೆ. 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯ ಬಳಿಯೇ ಟಿಪ್ಪುವಿನ ಸೈನ್ಯ ಇಂಗ್ಲಿಷರಿಗೆ ಸೋತಿತೆಂದು ಹೇಳಿದಾಗ ಹುಡುಗರ ಕಣ್ಣು ಅರಳಿದವು. ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾ, ಟಿಪ್ಪು ಒಳ್ಳೇವ್ನಾ, ಕೆಟ್ಟೋನಾ?" ಎಂದ. ಅವನ ಪಕ್ಕದಲ್ಲಿ ಕುಳಿತಿದ್ದ ಮುಸ್ಲಿಂ ಹುಡುಗ ತಲೆ ತಗ್ಗಿಸಿ ನನ್ನ ಉತ್ತರಕ್ಕೆ ಕಾಯುತ್ತಿದ್ದ. ನಾನು "ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ" ಎಂದುಬಿಟ್ಟೆ. ಅಂದು ತಪ್ಪಿಸಿಕೊಂಡ ಉತ್ತರದ ಋಣ ಇಂದಿಗೂ ನನ್ನ ಮೇಲಿದೆ. ಈ ಬರಹ ಆ ಇಬ್ಬರು ಹುಡುಗರಿಗೂ ಸೇರಿದ್ದು.

ನಮ್ಮ ಕಚೇರಿಗಳ ಕನ್ನಡದಲ್ಲಿ 'ಅಮಾನತ್ತು' ಎಂಬ ಮಾತಿದೆ. ನ್ಯಾಯಾಲಯದಲ್ಲಿ ಇಟ್ಟ ಹಣ ಅಮಾನತ್ತು. ತಪ್ಪು ಮಾಡಿದ ನೌಕರನೂ 'ಅಮಾನತ್ತು' ಆಗುತ್ತಾನೆ. ಇದರ ಮೂಲ ಅರಬ್ಬಿ ಪದಕ್ಕೆ ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಇಸ್ಲಾಮಿನ ರಾಜನೀತಿಯ ಬುಡವೇ ಇದು. ರಾಜ್ಯ ದೊರೆಯ ಸ್ವತ್ತಲ್ಲ, ಅವನ ವಶಕ್ಕೆ ಒಪ್ಪಿಸಿದ ಅಮಾನತ್ತು. ಅದನ್ನು ವಾರಸುದಾರರಿಗೆ ತಲುಪಿಸಿ ನ್ಯಾಯವಾಗಿ ತೀರ್ಪು ನೀಡಬೇಕೆಂದು ಕುರಾನಿನ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಸ್ವಂತ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪಕ್ಷದಲ್ಲಿ ನಿಲ್ಲಿ ಎಂದು ಅದೇ ಅಧ್ಯಾಯ ಆಜ್ಞಾಪಿಸುತ್ತದೆ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬುದು ಎರಡನೆಯ ಅಧ್ಯಾಯದಲ್ಲಿದೆ. 42ನೆಯ ಅಧ್ಯಾಯದ ಹೆಸರೇ 'ಶೂರಾ', ಅಂದರೆ ಸಮಾಲೋಚನೆ.

ಹಜರತ್ ಅಲಿಯವರು ಈಜಿಪ್ಟಿನ ಅಧಿಪತಿಯಾಗಿ ನೇಮಿಸಿದ ಮಾಲಿಕ್ ಅಲ್ ಅಷ್ತರನಿಗೆ ಬರೆದರೆಂದು ಪ್ರಸಿದ್ಧವಾದ ಪತ್ರವೊಂದಿದೆ. ಪ್ರಜೆಗಳಲ್ಲಿ ಕೆಲವರು ನಿನಗೆ ಧರ್ಮದಲ್ಲಿ ಸೋದರರು, ಉಳಿದವರು ಸೃಷ್ಟಿಯಲ್ಲಿ ನಿನ್ನ ಸಮಾನರು ಎಂಬುದು ಅದರ ತಾತ್ಪರ್ಯ. ಕಂದಾಯದ ವಸೂಲಿಗಿಂತ ಭೂಮಿಯ ಸಾಗುವಳಿಯ ಕಡೆ ಹೆಚ್ಚು ಗಮನವಿರಲಿ, ನೆಲವನ್ನು ನೋಡಿಕೊಳ್ಳದೆ ತೆರಿಗೆ ಕೇಳುವವನು ನಾಡನ್ನೇ ಹಾಳುಮಾಡುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಮಂಡ್ಯದ ಯಾವ ರೈತನೂ ಇದಕ್ಕೆ ತಲೆದೂಗದಿರಲಾರ.

ಈಗ ಇದೇ ಅಳತೆಗೋಲಿನಿಂದ ಟಿಪ್ಪುವನ್ನು ಅಳೆಯೋಣ. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಹಾಕಲು ಅವನು ಸಂಕಲ್ಪಿಸಿದ್ದನ್ನು ತಿಳಿಸುವ ಪಾರಸಿ ಶಾಸನ ಕೃಷ್ಣರಾಜಸಾಗರದಲ್ಲಿ ಇಂದಿಗೂ ಇದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕನೆಯ ಒಂದು ಭಾಗವನ್ನು ದೇವರ ಹೆಸರಿನಲ್ಲಿ ಬಿಟ್ಟುಕೊಟ್ಟು, ಆ ಭೂಮಿ ಅವರ ಸಂತತಿಗೇ ಉಳಿಯಬೇಕೆಂದು ಅದು ಸಾರುತ್ತದೆ. 1792ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಅವನ ಕಂದಾಯ ನಿಬಂಧನೆಗಳಲ್ಲಿ ಬಡ ರೈತನಿಗೆ ತಕ್ಕಾವಿ ಸಾಲ ಕೊಡಬೇಕೆಂಬ ವಿಧಿಯಿದೆ. ಪಟೇಲರು ರೈತರಿಂದ ಬಿಟ್ಟಿ ಉಳುಮೆ ಮಾಡಿಸಬಾರದೆಂಬ ಕಟ್ಟಳೆಯೂ ಇದೆ. ಅಲಿಯವರ ಪತ್ರದ ಮಾತು ಇಲ್ಲಿ ಫಲಿಸಿದೆ.

ಆದರೆ ಕೊಡಗಿನಲ್ಲಿ, ಮಲಬಾರಿನಲ್ಲಿ ಬಲಾತ್ಕಾರದ ಮತಾಂತರಗಳಾದವು. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ತಮ್ಮ ಪೂರ್ವಿಕರು ಆ ಕಾಲದಲ್ಲಿ ಹತರಾದರೆಂಬ ನೆನಪಿನಿಂದ ಇಂದಿಗೂ ನರಕ ಚತುರ್ದಶಿಯನ್ನು ಆಚರಿಸದ ಅಯ್ಯಂಗಾರರ ಮನೆಗಳು ಮೇಲುಕೋಟೆಯಲ್ಲಿವೆ. ಇವನ್ನು ಖಂಡಿಸಲು ನಾವು ಹೊರಗಿನ ಶಾಸ್ತ್ರವನ್ನು ತರಬೇಕಾಗಿಲ್ಲ. ಅವನು ನಂಬಿದ ಗ್ರಂಥವೇ ಸಾಕು.

ಇನ್ನೊಬ್ಬರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಪರ್ಷಿಯಾದಿಂದ ಬಂದ ಮನೆತನದವರು. 1926ರಿಂದ 1941ರವರೆಗೆ ಹಿಂದೂ ದೊರೆಯ ದಿವಾನರು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಅವರ ಕಾಲದ್ದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದದ್ದು, 1939ರಲ್ಲಿ ಮಂಡ್ಯ ಜಿಲ್ಲೆ ರೂಪುಗೊಂಡದ್ದು ಅವರ ಆಡಳಿತದಲ್ಲಿಯೇ. ರಾಗಿ ಬೆಳೆಯುತ್ತಿದ್ದ ಖುಷ್ಕಿ ನೆಲದಲ್ಲಿ ಭತ್ತ, ಕಬ್ಬು ನಿಂತವು. ನನ್ನಂಥ ರೈತರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಆ ನೀರಿನ ಕೃಪೆಯಿಂದ.

ಅವರೂ ಎಡವಿದರು. 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಜನ ಧ್ವಜ ಹಾರಿಸಲು ಹೊರಟಾಗ ಸರ್ಕಾರ ನಿಷೇಧಾಜ್ಞೆ ತಂದಿತು, ನಾಯಕರನ್ನು ಬಂಧಿಸಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಅನಂತರ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದ ಮೇಲೆ ಧ್ವಜಕ್ಕೆ ಅವಕಾಶ ದೊರೆಯಿತು. ನೀರು ಕೊಟ್ಟ ದಿವಾನರು ಜನರ ಮಾತು ಕೇಳಲು ತಡಮಾಡಿದರು. ಇದು ಶೂರಾದ ಕೊರತೆ. ಒಳ್ಳೆಯ ಆಡಳಿತವೂ ಜನರನ್ನು ಕೇಳದಿದ್ದರೆ ಅರ್ಧ ಆಡಳಿತವೇ.

"ಪುಸ್ತಕದಲ್ಲಿ ಇರುವುದು ಬೇರೆ, ಬೀದಿಯಲ್ಲಿ ನಡೆಯುವುದು ಬೇರೆ" ಎಂದು ನೀವು ಆಕ್ಷೇಪಿಸಬಹುದು. ನಿಜವೇ. ಯಾವ ಧರ್ಮದವರು ಈ ಮಾತಿನಿಂದ ತಪ್ಪಿಸಿಕೊಳ್ಳಬಲ್ಲರು? ತತ್ತ್ವವಿರುವುದು ಹೆಮ್ಮೆಪಡುವುದಕ್ಕಲ್ಲ, ನಮ್ಮವರನ್ನೇ ಅಳೆಯುವುದಕ್ಕೆ. ಮದ್ದೂರಿನಲ್ಲಿ ಕಲ್ಲೆಸೆದವನನ್ನು ಅವನ ಮೊಹಲ್ಲಾದ ಹಿರಿಯರೇ 'ಇದು ತಪ್ಪು' ಎನ್ನಬೇಕು. ಹಾಗೆನ್ನಲು ಅವರ ಗ್ರಂಥವೇ ಅಪ್ಪಣೆ ಕೊಟ್ಟಿದೆ. ಕಲ್ಲೆಸೆಯದವನ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ ಎನ್ನುವವನನ್ನು ನಮ್ಮ ಹಟ್ಟಿಯ ಹಿರಿಯರು ತಡೆಯಬೇಕು. ಸರ್ಕಾರವು ಅಪರಾಧಿಯ ಕೃತ್ಯವನ್ನು ನೋಡಬೇಕೇ ಹೊರತು ಹೆಸರನ್ನಲ್ಲ.

ನಿಮ್ಮಲ್ಲಿ ಕೆಲವರು ಇಂದು ತಾಲ್ಲೂಕು ಕಚೇರಿಯಲ್ಲಿದ್ದೀರಿ, ಕೆಲವರು ಪೊಲೀಸ್ ಇಲಾಖೆಯಲ್ಲಿ, ಇಬ್ಬರು ಪಂಚಾಯಿತಿ ಸದಸ್ಯರೂ ಆಗಿದ್ದೀರಿ. ನಿಮ್ಮ ಕುರ್ಚಿ ಅಮಾನತ್ತು ಎಂಬುದು ನೆನಪಿರಲಿ. ಉಳಿದವರು ಗ್ರಾಮಸಭೆಗೆ ಹೋಗಿ. ನಮ್ಮ ಊರುಗಳ ಶೂರಾ ಅದೇ. ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚಾಗಿರುವುದನ್ನು ಕಂಡು ನೊಂದಿದ್ದೇನೆ.

ಹಿಂದಿನ ಬೆಂಚಿನ ಆ ಹುಡುಗನಿಗೆ ಇಂದು ಹೀಗೆ ಹೇಳುತ್ತೇನೆ: ಮಗೂ, ದೊರೆಯನ್ನು ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ಕೇಳಬೇಡ. ಅವನಿಗೆ ಒಪ್ಪಿಸಿದ ಅಮಾನತ್ತನ್ನು ಯಾರಿಗೆ ತಲುಪಿಸಿದ, ಯಾರಿಂದ ಕಸಿದುಕೊಂಡ ಎಂದು ಕೇಳು. ಇದೇ ಪ್ರಶ್ನೆಯನ್ನು ನಿನ್ನ ಜಾತಿಯ, ನಿನ್ನ ಪಕ್ಷದ ನಾಯಕನಿಗೂ ಕೇಳು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಮಗುವೇ, ನೀನೂ ತಲೆಯೆತ್ತಿ ಕೇಳು. ಉತ್ತರ ತಡವಾಯಿತು, ನಿಮ್ಮ ಮೇಷ್ಟ್ರನ್ನು ಕ್ಷಮಿಸಿ.